ಊಟಕ್ಕೇನು ಮಾಡ್ತಿದ್ರು? ಹಾಸನ ಸೀಮೆಯ ಕಲಾವಿದರ ಸಂಬಳದ ಕತೆ

ಭಾಗ 1

"ಆಕ್ಟಿಂಗ್ ಸೇರ್ತೀನಿ" ಅಂತ ನಮ್ಮ ಕಡೆ ಮನೇಲಿ ಬಾಯಿ ಬಿಟ್ಟರೆ ಮೊದಲು ಬರೋ ಮಾತು: "ಸರಿ, ಊಟಕ್ಕೇನು ಮಾಡ್ತೀಯ?" ಇದನ್ನ ನಾವು ಬೈಗುಳ ಅನ್ಕೊಂಡು ಮುಖ ಊದಿಸ್ಕೊಂಡು ರೂಮಿಗೆ ಹೋಗ್ತೀವಿ. ನನಗೇನೋ ಇದು ಬಹಳ ಒಳ್ಳೆ ಇತಿಹಾಸದ ಪ್ರಶ್ನೆ ಅನ್ಸುತ್ತೆ. ನಮ್ಮ ಜಿಲ್ಲೆಯಿಂದ ಹೋಗಿ ಹೆಸರು ಮಾಡಿದವರೆಲ್ಲ ಮೊದಲ ಹತ್ತು ವರ್ಷ ಊಟಕ್ಕೇನು ಮಾಡಿದರು? ಅವಾರ್ಡ್ ಫೋಟೋ ಎಲ್ಲ ಕಡೆ ಸಿಗುತ್ತೆ, ಸಂಬಳದ ವಿಷಯ ಮಾತ್ರ ಯಾರೂ ಬರೆಯಲ್ಲ.

ಮೊದಲು ಹಳ್ಳಿಯಿಂದಲೇ ಶುರು ಮಾಡೋಣ. ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆ 'ಕುರುಕ್ಷೇತ್ರ' ನಾಟಕ ನೋಡದವರು ಯಾರಿದ್ದೀರ? ಹಬ್ಬಕ್ಕೋ ಜಾತ್ರೆಗೋ ರಾತ್ರಿ ಶುರುವಾದರೆ ಬೆಳಗಾಗುವವರೆಗೂ ನಡೆಯೋ ಪೌರಾಣಿಕ ನಾಟಕ. ಅಲ್ಲಿನ ಲೆಕ್ಕ ಪೂರ್ತಿ ಉಲ್ಟಾ. ಪಾತ್ರ ಮಾಡಿದವನಿಗೆ ದುಡ್ಡು ಕೊಡೋದಲ್ಲ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಆ ದುಡ್ಡಲ್ಲಿ ಸೀನರಿ, ಡ್ರೆಸ್ಸು, ಲೈಟು, ಮೈಕು ಎಲ್ಲ ಬಾಡಿಗೆಗೆ ಬರುತ್ತೆ. ತಿಂಗಳುಗಟ್ಟಲೆ ಕಂದಪದ್ಯ ಕಲಿಸಿದ ಹಾರ್ಮೋನಿಯಂ ಮೇಷ್ಟ್ರಿಗೆ ಸಂಭಾವನೆ ಹೋಗುತ್ತೆ.

ಇನ್ನೊಂದು ಗಮನಿಸಿ. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಕಲಾವಿದೆಯರನ್ನ ಕರೆಸ್ತಾರೆ. ಊರ ಗಂಡಸರು ದುಡ್ಡು ಕೊಟ್ಟು ಆಡ್ತಾರೆ, ಇವರು ದುಡ್ಡು ತಗೊಂಡು ಆಡ್ತಾರೆ. ಅಂದರೆ ಆ ಸ್ಟೇಜಿನ ಮೇಲೆ ನಟನೆಯನ್ನೇ ಕಸುಬು ಮಾಡ್ಕೊಂಡಿರೋರು ಇವರೇ. ಇವತ್ತು ಒಂದೂರಲ್ಲಿ ದ್ರೌಪದಿ, ನಾಳೆ ಇನ್ನೊಂದೂರಲ್ಲಿ ಕುಂತಿ. ಬೆಳಗಿನ ಬಸ್ಸಲ್ಲಿ ನಿದ್ದೆ. ಚಪ್ಪಾಳೆ, ಹಾರ, ನೋಟಿನ ಮಾಲೆ ಮಾತ್ರ ದುರ್ಯೋಧನನಿಗೆ. ಇದು ನನಗೆ ಯಾಕೋ ಸರಿ ಕಾಣಲ್ಲ.

ಭಾಗ 2

ಈಗ ಅರಸೀಕೆರೆಗೆ ಬನ್ನಿ. ಟಿ.ಎನ್. ಬಾಲಕೃಷ್ಣ, 1911ರಲ್ಲಿ ಅಲ್ಲೇ ಹುಟ್ಟಿದವರು. ನಿಮ್ಮ ಅಜ್ಜಿ ಹತ್ರ 'ಬಾಲಣ್ಣ' ಅಂದು ನೋಡಿ, ನಕ್ಕೇ ನಗ್ತಾರೆ. 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪ. ಐನೂರಕ್ಕೂ ಹೆಚ್ಚು ಸಿನಿಮಾ ಮಾಡಿದವರು. ಮತ್ತೆ ಅವರಿಗೆ ಸರಿಯಾಗಿ ಕಿವಿ ಕೇಳ್ತಿರಲಿಲ್ಲ!

ಅದು ಸಣ್ಣ ವಿಷಯ ಅಲ್ಲ. ನಾಟಕ ಅಂದರೆ ಎದುರಿನವನ ಮಾತು ಮುಗಿದ ಕ್ಷಣಕ್ಕೆ ನಮ್ಮ ಮಾತು ಶುರುವಾಗಬೇಕು. ಬಾಲಣ್ಣ ತುಟಿ ನೋಡ್ತಿದ್ದರು, ಎಲ್ಲರ ಸಂಭಾಷಣೆಯನ್ನೂ ತಾನೇ ಬಾಯಿಪಾಠ ಮಾಡ್ಕೊಂಡಿರ್ತಿದ್ದರು. ಇವರಿಗೆ ಬಿಟ್ಟು ಹೋಗೋಕೆ ಒಂದು ಕೆಲಸ ಅಂತಲೇ ಇರಲಿಲ್ಲ. ಬಡತನ, ನಾಟಕ ಕಂಪನಿ, ಕಂಪನಿಯಲ್ಲಿ ಸಿಕ್ಕ ಚಾಕರಿ. ಕಂಪನಿ ನಾಟಕದ ಕಾಲದಲ್ಲಿ ನಟನಿಗೆ ಸಂಬಳಕ್ಕಿಂತ ಮುಖ್ಯವಾಗಿದ್ದದ್ದು ಎರಡು ಹೊತ್ತಿನ ಊಟ. ಕಂಪನಿ ಮನೆಯಲ್ಲಿ ಒಟ್ಟಿಗೆ ಅಡುಗೆ, ಒಟ್ಟಿಗೆ ಪಂಕ್ತಿ. "ಊಟಕ್ಕೇನು ಮಾಡ್ತೀಯ" ಅನ್ನೋದಕ್ಕೆ ಆ ಕಾಲದ ನೇರ ಉತ್ತರ ಅದು: ಕಂಪನಿ ಹಾಕುತ್ತೆ. ಕಂಪನಿ ಮುಚ್ಚಿತೋ, ಊಟವೂ ಮುಚ್ಚಿತು.

1943ರ 'ರಾಧಾರಮಣ'ದಿಂದ ಸಿನಿಮಾಕ್ಕೆ ಬಂದರೂ ಕಷ್ಟ ತೀರಲಿಲ್ಲ. ಆಗ ಕನ್ನಡ ಸಿನಿಮಾ ವರ್ಷಕ್ಕೆ ಬೆರಳೆಣಿಕೆ, ಶೂಟಿಂಗ್ ಬಹುತೇಕ ಮದರಾಸಲ್ಲಿ. 1950ರ ದಶಕದಲ್ಲಿ ಕೆಲಸ ಕಮ್ಮಿಯಾದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಸೇರಿ ಕಲಾವಿದರ ಸಂಘ ಕಟ್ಟಿದರು. ಸಿನಿಮಾದಲ್ಲಿ ಮುಖ ಕಂಡಿದ್ದ ನಟರು ವಾಪಸ್ ಊರೂರು ತಿರುಗಿ ನಾಟಕ ಆಡಿದರು. ಆ ಸಂಘದ ಹೆಸರಲ್ಲೇ 1960ರಲ್ಲಿ 'ರಣಧೀರ ಕಂಠೀರವ' ಬಂತು. ಅಂದರೆ ಯಾರೂ ಕೆಲಸ ಕೊಡದಿದ್ದಾಗ ಕೆಲಸವನ್ನೇ ತಯಾರು ಮಾಡ್ಕೊಂಡರು.

ಆಮೇಲೆ ಬಾಲಣ್ಣ ಬೆಂಗಳೂರಿನ ಕೆಂಗೇರಿ ಹತ್ರ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಹೊರಟರು. ಕನ್ನಡದವರು ಮದರಾಸಿಗೆ ಹೋಗೋದು ತಪ್ಪಲಿ ಅಂತ. ಇದ್ದ ದುಡ್ಡೆಲ್ಲ ಅದಕ್ಕೇ ಹೋಯ್ತು. 1995ರಲ್ಲಿ ತೀರಿಕೊಂಡರು. ನಮ್ಮ ವಯಸ್ಸಿನವರಿಗೆ ಆ ಜಾಗ ಗೊತ್ತಿರೋದು 2009ರಲ್ಲಿ ವಿಷ್ಣುವರ್ಧನ್ ಅಂತ್ಯಸಂಸ್ಕಾರ ಆದ ಜಾಗ ಅಂತ. ಅದನ್ನ ಕಟ್ಟಿದವರು ನಮ್ಮ ಜಿಲ್ಲೆಯವರು ಅಂತ ನನ್ನ ಕ್ಲಾಸಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಭಾಗ 3

ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಗೊತ್ತಲ್ಲ? ಸಂಕೇತಿಗಳ ಊರು. ಪುಟ್ಟ ಊರು, ಆದರೆ ಕರ್ನಾಟಕ ಸಂಗೀತದವರ ಇನಿಷಿಯಲ್‌ನಲ್ಲಿ 'ಆರ್' ಕಂಡರೆ ಒಂದು ಸಲ ಕೇಳಿ ನೋಡಿ, ಬಹಳ ಸಲ ಅದು ರುದ್ರಪಟ್ಟಣ.

ಆರ್.ಕೆ. ಶ್ರೀಕಂಠನ್ 1920ರಲ್ಲಿ ಇಲ್ಲಿ ಹುಟ್ಟಿದರು. ತಂದೆ ಕೃಷ್ಣಶಾಸ್ತ್ರಿಗಳು ವಿದ್ವಾಂಸರು, ಹರಿಕಥೆ ಮಾಡ್ತಿದ್ದವರು. ಅಣ್ಣ ಆರ್.ಕೆ. ವೆಂಕಟರಾಮಶಾಸ್ತ್ರಿ ಪಿಟೀಲು ವಿದ್ವಾಂಸರು. ಹಿಂದಿನ ತಲೆಮಾರಿನ ದಾರಿ ಸರಳ: ಅರಮನೆಯ ಆಶ್ರಯ, ಇಲ್ಲವೇ ಮದುವೆ, ರಾಮೋತ್ಸವದ ಕಚೇರಿ. ಶ್ರೀಕಂಠನ್ ಮೈಸೂರಲ್ಲಿ ಡಿಗ್ರಿ ಓದಿ, ಬೇರೆ ದಾರಿ ಹಿಡಿದರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಅಂತ ರೇಡಿಯೊ ಶುರು ಮಾಡಿದ್ದರಲ್ಲ, ಆ ಮೈಸೂರು ರೇಡಿಯೊಕ್ಕೆ 1940ರ ದಶಕದ ಕೊನೆಗೆ ಶ್ರೀಕಂಠನ್ ನೌಕರಿಗೆ ಸೇರಿದರು. ಸುಮಾರು ಮೂರು ದಶಕ ರೇಡಿಯೊ ಕೆಲಸ.

ಯೋಚನೆ ಮಾಡಿ. ರಾಜರು ಹೋದರು, ತಿಂಗಳ ಸಂಬಳ ಕೊಡೋ ಹೊಸ ರಾಜ ಬಂದ. ಹೆಸರು ರೇಡಿಯೊ. ಪಿಂಚಣಿ ಬೇರೆ. ಸಂಬಳ ಗಟ್ಟಿ ಇದ್ದಿದ್ದರಿಂದ ಅವರು ಜನ ಮೆಚ್ಚಲಿ ಅಂತ ಶೈಲಿ ಬದಲಾಯಿಸೋ ಅಗತ್ಯ ಬೀಳಲಿಲ್ಲ ಅನ್ನೋದು ನನ್ನ ಅನಿಸಿಕೆ. ದಾಸರ ಪದಗಳನ್ನ ಕಚೇರಿಯಲ್ಲಿ ಮುಖ್ಯವಾಗಿ ಹಾಡಿದರು, ರೇಡಿಯೊದಲ್ಲೇ ಪಾಠ ಹೇಳಿದರು, ತೊಂಬತ್ತು ದಾಟಿದ ಮೇಲೂ ಪೂರ್ತಿ ಕಚೇರಿ ಕೊಟ್ಟರು. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. 2014ರಲ್ಲಿ ತೀರಿಕೊಂಡರು.

ಇದೇ ಊರಿನ ರುದ್ರಪಟ್ಟಣಂ ಸಹೋದರರಲ್ಲಿ ಒಬ್ಬರಾದ ಡಾ. ಆರ್.ಎನ್. ತಾರಾನಾಥನ್ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಯಾಗಿದ್ದವರು. ಹಗಲು ಲ್ಯಾಬು, ಸಂಜೆ ರಾಗ. ಅವರನ್ನ "ಹವ್ಯಾಸಿ" ಅಂತ ಕರೆಯೋ ಧೈರ್ಯ ಯಾರಿಗಿದೆ? ಇನ್ನು ಆರ್.ಕೆ. ಪದ್ಮನಾಭ ಅವರು ವಾಪಸ್ ಊರಿಗೇ ಬಂದು ತಂಬೂರಿ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿಸಿದರು. ರಾಮನಾಥಪುರಕ್ಕೆ ಹೋದವರು ಹಾಗೇ ಒಂದು ಸುತ್ತು ನೋಡ್ಕೊಂಡು ಬನ್ನಿ.

ಭಾಗ 4 (ಚಿಕ್ಕದು)

ಸ್ಟೇಜ್ ಹತ್ತದೆಯೂ ಸಿನಿಮಾ ಸೇರಿದವರಿದ್ದಾರೆ. ಅರಕಲಗೂಡು ಮನೆತನದ ಅ.ನ.ಕೃ. ಬರವಣಿಗೆಯಿಂದಲೇ ಬದುಕಿದವರು. 'ಸಂಧ್ಯಾರಾಗ' ಒಬ್ಬ ಸಂಗೀತಗಾರನ ಕತೆ. 1966ರಲ್ಲಿ ಸಿನಿಮಾ ಆದಾಗ ರಾಜ್‌ಕುಮಾರ್ ನಟಿಸಿದರು, ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಹಾಡಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಆಯ್ತು.

ಭಾಗ 5

ಕಂಪನಿ, ರೇಡಿಯೊ ಆದಮೇಲೆ ಮೂರನೇ ಬಾಗಿಲು ಫ್ಯಾಕ್ಟರಿ. ಅರಸೀಕೆರೆಯ ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಮಾಡ್ತಾ ನಾಟಕ ಆಡಿದವರು. ಶಿಫ್ಟು ಮುಗಿಸಿ ರಿಹರ್ಸಲ್. ನಾಲ್ಕನೇದು, 1989ರಲ್ಲಿ ಬಿ.ವಿ. ಕಾರಂತರು ಮೈಸೂರಲ್ಲಿ ಕಟ್ಟಿದ ರಂಗಾಯಣ. ಸರ್ಕಾರವೇ ನಟರಿಗೆ ಸಂಬಳ ಕೊಟ್ಟಿತು, ಆದರೆ ಸೀಟು ಬೆರಳೆಣಿಕೆ.

ಐದನೇದು ನಮ್ಮ ಕಾಲದ್ದು. ಅರಸೀಕೆರೆ ತಾಲ್ಲೂಕು ಕಾಳೇನಹಳ್ಳಿಯ ಧನಂಜಯ ಮೈಸೂರಲ್ಲಿ ಇಂಜಿನಿಯರಿಂಗ್ ಓದಿ, ರಂಗಭೂಮಿ ಮಾಡಿ, ಇನ್ಫೋಸಿಸ್ ಸೇರಿ, ಬಿಟ್ಟರು. 2013ರಲ್ಲಿ 'ಡೈರೆಕ್ಟರ್ಸ್ ಸ್ಪೆಷಲ್'. 'ಡಾಲಿ' ಅನ್ನೋ ಹೆಸರು ಬಂದದ್ದು 2018ರ 'ಟಗರು'ವಿನಿಂದ. ನಡುವೆ ಐದು ವರ್ಷ ಇದೆ ನೋಡಿ. ರೀಲ್ಸಲ್ಲಿ ಆ ಐದು ವರ್ಷ ಎರಡು ಸೆಕೆಂಡಲ್ಲಿ ಮುಗಿದು ಹೋಗುತ್ತೆ.

ಯಶ್ ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಿ, ಬೆಳೆದದ್ದು ಮೈಸೂರಲ್ಲಿ, ತಂದೆ ಬಸ್ ಡ್ರೈವರ್. ಬೆನಕ ತಂಡದಲ್ಲಿ ಸ್ಟೇಜ್ ಹಿಂದಿನ ಕೆಲಸ, ಆಮೇಲೆ 'ನಂದಗೋಕುಲ'ದಂಥ ಸೀರಿಯಲ್, 2008ರಲ್ಲಿ 'ಮೊಗ್ಗಿನ ಮನಸು', 2018ರಲ್ಲಿ 'ಕೆಜಿಎಫ್'. ಸೀರಿಯಲ್ ಅಂದರೆ ಮೂಗು ಮುರೀತೀವಿ, ಆದರೆ ಹೊಸಬನಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೈಗೆ ಬರೋದು ಅಲ್ಲೇ. ಬಾಲಣ್ಣನ ಕಾಲದ ಕಂಪನಿ ಮನೆ ಇದ್ದಂಗೆ.

ಚನ್ನರಾಯಪಟ್ಟಣದ ಒಬ್ಬ ಜೂನಿಯರ್ ಮೆಸೇಜಲ್ಲಿ ಕೇಳಿದ್ದ: "ಅಣ್ಣ, ಹಾಗಾದ್ರೆ ಕೆಲಸ ಬಿಡಬೇಕಾ, ಇಟ್ಕೋಬೇಕಾ?" ನಾನು ಹೇಳಿದ್ದು ಇಷ್ಟೇ ಕಣೋ. ಬಾಲಕೃಷ್ಣರಿಗೆ ಬಿಡೋಕೆ ಕೆಲಸವೇ ಇರಲಿಲ್ಲ. ಶ್ರೀಕಂಠನ್‌ಗೆ ಹಾಡೋದೇ ಕೆಲಸ ಆಯ್ತು. ತಾರಾನಾಥನ್ ಎರಡನ್ನೂ ಇಟ್ಕೊಂಡರು. ಧನಂಜಯ ಬಿಟ್ಟರು. ನೀನು ಯಾವ ಬಾಗಿಲ ಮುಂದೆ ನಿಂತಿದ್ದೀಯ ಅಂತ ಮೊದಲು ನೋಡ್ಕೋ, ಮನೇಲಿ ಅದನ್ನೇ ಹೇಳು.

ಮುಂದಿನ ಪೋಸ್ಟ್ ಹಾರ್ಮೋನಿಯಂ ಮೇಷ್ಟ್ರುಗಳ ಬಗ್ಗೆ. ಹೊಳೆನರಸೀಪುರ, ಅರಕಲಗೂಡು ಕಡೆಯವರು ಮನೇಲಿ ಹಳೇ ನಾಟಕದ ಕರಪತ್ರ ಇದ್ದರೆ ಫೋಟೋ ತೆಗೆದು ಕಳಿಸಿ. ಪಾತ್ರಧಾರಿಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಮೇಷ್ಟ್ರ ಹೆಸರು, ಸೀನರಿಯವರ ಹೆಸರು ಇರುತ್ತೆ. ಅದು ಕಾಣೋ ಹಾಗೆ ತೆಗೀರಿ.

#ಹಾಸನ #ಅರಕಲಗೂಡು #ಹೊಳೆನರಸೀಪುರ #ಚನ್ನರಾಯಪಟ್ಟಣ #ರುದ್ರಪಟ್ಟಣ #ಬಾಲಣ್ಣ