ತಾಲೀಮ್ ಮತ್ತು ತರ್ಬಿಯತ್: ಡಾ. ಜಾಕಿರ್ ಹುಸೇನರ ಶಾಲೆ ಕಲಿಸಿದ ಪಾಠ

ಉರ್ದುವಿನಲ್ಲಿ ಶಿಕ್ಷಣದ ಮಾತು ಬಂದಾಗಲೆಲ್ಲ ಎರಡು ಪದಗಳು ಜೊತೆಯಾಗಿ ಬರುತ್ತವೆ. ಒಂದು ತಾಲೀಮ್, ಇನ್ನೊಂದು ತರ್ಬಿಯತ್. ತಾಲೀಮ್ ಎಂದರೆ ವಿದ್ಯೆ. ತರ್ಬಿಯತ್ ಎಂದರೆ ಮಗುವನ್ನು ಸಾಕಿ ಸಲಹಿ, ತಿದ್ದಿ ತೀಡಿ ಮನುಷ್ಯನನ್ನಾಗಿ ಮಾಡುವುದು. ಕನ್ನಡದಲ್ಲಿಯೂ ನಮ್ಮ ಹಿರಿಯರು ವಿದ್ಯೆಯ ಜೊತೆಗೆ ವಿನಯವನ್ನು ಸೇರಿಸಿಯೇ ಮಾತನಾಡುತ್ತಿದ್ದರು. ಇಂದು ನಮ್ಮ ಅನೇಕ ಶಾಲೆಗಳಲ್ಲಿ ಮೌಲ್ಯ ಶಿಕ್ಷಣಕ್ಕೆಂದು ವಾರಕ್ಕೆ ಒಂದು ಪಿರಿಯಡ್ ಇಡಲಾಗುತ್ತದೆ. ಪರೀಕ್ಷೆ ಹತ್ತಿರ ಬಂದರೆ ಆ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಶೀಲವನ್ನು ಹೀಗೆ ಕಲಿಸಲು ಸಾಧ್ಯವೇ? ಈ ಪ್ರಶ್ನೆಗೆ ನಮ್ಮ ದೇಶದ ಇತಿಹಾಸದಲ್ಲಿಯೇ ಉತ್ತರ ಹುಡುಕಿದ ಒಂದು ಸಂಸ್ಥೆ ಮತ್ತು ಒಬ್ಬ ಶಿಕ್ಷಕರ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳೋಣ.

ಬಡತನದಲ್ಲಿ ಬೆಳೆದ ಜಾಮಿಯಾ

ಅಸಹಕಾರ ಚಳವಳಿಯ ಕಾಲದಲ್ಲಿ ಬ್ರಿಟಿಷ್ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳನ್ನು ಬಿಟ್ಟು ಬರುವಂತೆ ಗಾಂಧೀಜಿ ಕರೆ ಕೊಟ್ಟರು. ಅಲಿಗಢದ ಕಾಲೇಜಿನಿಂದ ಹೊರಬಂದ ಶಿಕ್ಷಕರು ಮತ್ತು ವಿದ್ಯಾರ್ಥಿಗಳು 1920ರ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಆರಂಭಿಸಿದರು. ಮೌಲಾನಾ ಮಹ್ಮೂದ್ ಹಸನ್ ಅಡಿಗಲ್ಲು ಹಾಕಿದರು. ಹಕೀಂ ಅಜ್ಮಲ್ ಖಾನ್ ಮೊದಲ ಕುಲಾಧಿಪತಿಯಾದರು, ಮೌಲಾನಾ ಮುಹಮ್ಮದ್ ಅಲಿ ಜೌಹರ್ ಮೊದಲ ಕುಲಪತಿಯಾದರು. ಹಾಗೆ ಹೊರಬಂದವರಲ್ಲಿ 23 ವರ್ಷದ ಜಾಕಿರ್ ಹುಸೇನರೂ ಒಬ್ಬರು.

1924ರಲ್ಲಿ ಖಿಲಾಫತ್ ಚಳವಳಿ ನಿಂತಿತು. ಅದರ ಜೊತೆಗೆ ಜಾಮಿಯಾಕ್ಕೆ ಬರುತ್ತಿದ್ದ ಹಣವೂ ನಿಂತಿತು. ಸಂಸ್ಥೆಯನ್ನು ಮುಚ್ಚುವ ಮಾತು ಕೇಳಿಬಂದಾಗ, ಬೇಕಾದರೆ ತಾನೇ ಭಿಕ್ಷಾಪಾತ್ರೆ ಹಿಡಿದು ಹೊರಡುವುದಾಗಿ ಗಾಂಧೀಜಿ ಧೈರ್ಯ ಹೇಳಿದರು. 1925ರಲ್ಲಿ ಜಾಮಿಯಾ ದೆಹಲಿಯ ಕರೋಲ್ ಬಾಗ್‌ಗೆ ಬಂದಿತು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದ ಜಾಕಿರ್ ಹುಸೇನರು ಗೆಳೆಯರಾದ ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬರೊಂದಿಗೆ 1926ರಲ್ಲಿ ಮರಳಿ ಬಂದು ಅದರ ಹೊಣೆ ಹೊತ್ತರು. ಮರುವರ್ಷದ ಕೊನೆಯಲ್ಲಿ ಹಕೀಂ ಅಜ್ಮಲ್ ಖಾನರು ತೀರಿಕೊಂಡಾಗ ಸಂಸ್ಥೆ ಮತ್ತೆ ಅನಾಥವಾಯಿತು. ಆಗ, 1928ರಲ್ಲಿ, ಅಲ್ಲಿನ ಶಿಕ್ಷಕರು ಒಂದು ಪ್ರತಿಜ್ಞೆ ಮಾಡಿದರು. ಇಪ್ಪತ್ತು ವರ್ಷ ಜಾಮಿಯಾದಲ್ಲಿಯೇ ದುಡಿಯುವುದು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದಿರುವುದು. ಹಲವು ತಿಂಗಳು ಅದೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ತ್ಯಾಗ ಎಂಬ ಪಾಠ ಆ ಶಾಲೆಯ ಮಕ್ಕಳ ಕಣ್ಣೆದುರಿಗೇ ಇತ್ತು.

ಮಕ್ಕಳ ಬ್ಯಾಂಕು, ಮಕ್ಕಳ ಅಂಗಡಿ

ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಉರ್ದುವಿನಲ್ಲಿ ಪಾಠ ನಡೆಯುತ್ತಿತ್ತು. ಅಬ್ದುಲ್ ಗಫ್ಫಾರ್ ಮುಧೋಲಿಯಂತಹ ಶಿಕ್ಷಕರ ಮಾರ್ಗದರ್ಶನದಲ್ಲಿ ಮಕ್ಕಳೇ ಬ್ಯಾಂಕು, ಅಂಗಡಿ ನಡೆಸುತ್ತಿದ್ದರು. ಲೆಕ್ಕವನ್ನು ಕಲಿಯುವುದರ ಜೊತೆಗೆ ಇನ್ನೊಬ್ಬರ ಹಣವನ್ನು ನಂಬಿಕೆಯಿಂದ ಕಾಯುವುದನ್ನೂ ಕಲಿಯುತ್ತಿದ್ದರು. ಪ್ರಾಮಾಣಿಕತೆಯ ಬಗ್ಗೆ ಪ್ರಬಂಧ ಬರೆಸುವುದಕ್ಕೂ ಹತ್ತು ವರ್ಷದ ಹುಡುಗನ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವುದಕ್ಕೂ ಎಷ್ಟು ವ್ಯತ್ಯಾಸ!

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಶಾಲೆಯ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿಸಬೇಕಾಯಿತು. ಅದಕ್ಕಾಗಿ ಯಾವ ನವಾಬರನ್ನೂ ನಾಯಕರನ್ನೂ ಕರೆಯಲಿಲ್ಲ. ಶಾಲೆಯ ಅತ್ಯಂತ ಚಿಕ್ಕ ವಿದ್ಯಾರ್ಥಿಯ ಕೈಯಿಂದ ಹಾಕಿಸಿದರು. ಜರ್ಮನಿಯ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ ಇಲ್ಲಿಗೆ ಬಂದು ಚಿಕ್ಕ ಮಕ್ಕಳ ಸೇವೆಯಲ್ಲಿ ತೊಡಗಿದರು. ಮಕ್ಕಳ ಪಾಲಿಗೆ ಅವರು "ಆಪಾ ಜಾನ್". 1943ರಲ್ಲಿ ತೀರಿಕೊಂಡ ಅವರನ್ನು ಜಾಮಿಯಾದ ನೆಲದಲ್ಲಿಯೇ ಮಣ್ಣು ಮಾಡಲಾಯಿತು.

ಜಾಕಿರ್ ಸಾಹೇಬರ ಬಗ್ಗೆ ಶಿಕ್ಷಕರ ನಡುವೆ ಬಾಯಿಂದ ಬಾಯಿಗೆ ಬಂದ ಒಂದು ಪ್ರಸಂಗವಿದೆ. ಎಷ್ಟು ಹೇಳಿದರೂ ಹುಡುಗರು ಕೊಳಕು ಬೂಟು ಹಾಕಿಕೊಂಡೇ ಬರುತ್ತಿದ್ದರಂತೆ. ಒಂದು ದಿನ ಅವರು ಬ್ರಷ್, ಪಾಲಿಷ್ ಹಿಡಿದು ಗೇಟಿನ ಬಳಿ ಕುಳಿತರಂತೆ. ಮರುದಿನದಿಂದ ಯಾರಿಗೂ ಹೇಳಬೇಕಾಗಲಿಲ್ಲವಂತೆ.

ಅವರು ಮಕ್ಕಳಿಗಾಗಿ ಕಥೆಗಳನ್ನೂ ಬರೆದರು. ಅವುಗಳಲ್ಲಿ "ಅಬ್ಬೂ ಖಾನ್ ಕೀ ಬಕ್ರಿ" ಪ್ರಸಿದ್ಧ. ಅಲ್ಮೋರದ ಬೆಟ್ಟಗಳ ಮುದುಕ ಅಬ್ಬೂ ಖಾನನ ಮೇಕೆ ಚಾಂದನಿ, ಹಗ್ಗ ಬಿಡಿಸಿಕೊಂಡು ಬೆಟ್ಟಕ್ಕೆ ಹೋಗಿ, ರಾತ್ರಿಯಿಡೀ ತೋಳದೊಡನೆ ಹೋರಾಡಿ ಸಾಯುತ್ತದೆ. ಮೇಕೆ, ಬೆಟ್ಟ, ಮುದುಕ ಎಲ್ಲವೂ ಮಕ್ಕಳಿಗೆ ಗೊತ್ತಿರುವಂಥವೇ. ಸ್ವಾತಂತ್ರ್ಯ ಎಂಬ ದೊಡ್ಡ ಮೌಲ್ಯ ಅವರ ಮನಸ್ಸಿಗೆ ಸುಲಭವಾಗಿ ಇಳಿಯಿತು.

ವಾರ್ಧಾದಲ್ಲಿ ಒಂದು ನೇರ ಮಾತು

1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯ ಮಾಧ್ಯಮ, ಸ್ಥಳೀಯ ಕೈಕಸುಬಿನ ಮೂಲಕ ಕಲಿಕೆ ಇವು ಅದರ ಮುಖ್ಯ ನಿರ್ಣಯಗಳು. ಮಕ್ಕಳ ದುಡಿಮೆಯಿಂದಲೇ ಶಿಕ್ಷಕರ ಸಂಬಳ ಕ್ರಮೇಣ ಹೊರಡಲಿ ಎಂಬ ವಿಚಾರವೂ ಅದರಲ್ಲಿತ್ತು.

ಜಾಕಿರ್ ಹುಸೇನರು ಎದ್ದು ನಿಂತು, ಕೆಲಸದ ಮೂಲಕ ಕಲಿಸುವುದು ಸರಿಯಾದ ಮಾರ್ಗ, ಆದರೆ ಅದೇನೂ ಹೊಸತಲ್ಲ ಎಂದರು. ಸಂಪಾದನೆಗೇ ಒತ್ತು ಕೊಟ್ಟರೆ ಶಿಕ್ಷಕರು ಬಡ ಮಕ್ಕಳನ್ನು ದುಡಿಸಿಕೊಳ್ಳುವ ಧಣಿಗಳಾದಾರು ಎಂದೂ ಎಚ್ಚರಿಸಿದರು. ದೇಶವೇ ತಲೆಬಾಗುತ್ತಿದ್ದ ಮಹಾತ್ಮರ ಎದುರಿಗೆ ಹೀಗೆ ಹೇಳಲು ಧೈರ್ಯ ಬೇಕು. ಹಾಗೆ ಹೇಳಿದವರನ್ನೇ ಪಠ್ಯಕ್ರಮ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಲು ಅದಕ್ಕಿಂತ ದೊಡ್ಡ ಮನಸ್ಸು ಬೇಕು. ವಿದ್ಯಾರ್ಥಿ ಮಿತ್ರರು ಈ ಎರಡನ್ನೂ ಗಮನಿಸಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಮಿತಿ ವರದಿ ಕೊಟ್ಟಿತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನ ಯೋಜನೆಯನ್ನು ಒಪ್ಪಿಕೊಂಡಿತು. ಮುಂದೆ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಮೂಲಶಿಕ್ಷಣ ಶಾಲೆಗಳು ತೆರೆದವು, ಮಕ್ಕಳು ತಕಲಿ ಹಿಡಿದು ನೂತರು. ಆದರೆ ಅನೇಕ ಕಡೆ ನೂಲು ಉಳಿದು ವಿಚಾರ ಮರೆಯಾಯಿತು. ಕಾಲಕ್ರಮೇಣ ಯೋಜನೆಯೇ ಸೊರಗಿತು.

ಪರೀಕ್ಷೆಯ ದಿನಗಳು

1946ರ ನವೆಂಬರ್‌ನಲ್ಲಿ ಜಾಮಿಯಾದ ರಜತೋತ್ಸವ ನಡೆಯಿತು. ಹೊರಗೆ ಗಲಭೆಗಳ ಬೆಂಕಿ ಉರಿಯುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದಂತಿದ್ದ ನೆಹರೂ, ಆಜಾದ್, ಜಿನ್ನಾ, ಲಿಯಾಖತ್ ಅಲಿ ಖಾನ್ ಎಲ್ಲರೂ ಒಂದೇ ವೇದಿಕೆಯಲ್ಲಿದ್ದರು. ದ್ವೇಷದ ಈ ಬೆಂಕಿಯನ್ನು ದಯಮಾಡಿ ಒಟ್ಟಿಗೆ ಕುಳಿತು ಆರಿಸಿ ಎಂದು ಜಾಕಿರ್ ಹುಸೇನರು ಆ ನಾಯಕರಲ್ಲಿ ಬೇಡಿಕೊಂಡರು. ಮರುವರ್ಷ ರೈಲಿನಲ್ಲಿ ಕಾಶ್ಮೀರಕ್ಕೆ ಹೊರಟಿದ್ದ ಅವರನ್ನೇ ಜಲಂಧರ್ ನಿಲ್ದಾಣದಲ್ಲಿ ಕೊಲೆಗಡುಕರ ಗುಂಪು ಸುತ್ತುವರಿಯಿತು. ಪ್ರಾಣ ಉಳಿಸಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರ. ಆ ಇಬ್ಬರಿಗೆ ಯಾವ ಶಾಲೆಯಲ್ಲಿ ಯಾವ ಗುರುಗಳು ತರ್ಬಿಯತ್ ಕೊಟ್ಟಿದ್ದರೋ! ಶೀಲ ಶಿಕ್ಷಣದ ಫಲಿತಾಂಶ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಇಂತಹ ಹೊತ್ತಿನಲ್ಲಿ ಕಾಣುತ್ತದೆ.

ನಮ್ಮ ಶಾಲೆಗಳಿಗೆ

ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇಷ್ಟು. ಮೌಲ್ಯಗಳನ್ನು ಮಕ್ಕಳ ಕೈಗೆ ಕೆಲಸದ ರೂಪದಲ್ಲಿ, ಕಿವಿಗೆ ತಾಯ್ನುಡಿಯಲ್ಲಿ, ಕಣ್ಣಿಗೆ ಗುರುವಿನ ನಡತೆಯಲ್ಲಿ ಕೊಡಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದು ಸೂಚಿಸಿತು. ಬೀದರಿನ ಬಿದ್ರಿ ಕುಸುರಿ, ಚನ್ನಪಟ್ಟಣದ ಗೊಂಬೆ, ಇಳಕಲ್ಲಿನ ಮಗ್ಗ ನಮ್ಮ ನೆರೆಯಲ್ಲಿಯೇ ಇವೆ. ದುಡಿಮೆಯನ್ನೇ ಪೂಜೆಯೆಂದ ಶರಣರ ಕಾಯಕದ ವಿಚಾರವೂ, ಬೆವರಿನ ಗಳಿಕೆಯನ್ನು ಹಲಾಲ್ ಎಂದು ಗೌರವಿಸುವ ನಮ್ಮ ಮನೆಗಳ ಸಂಸ್ಕಾರವೂ ಒಂದೇ ಕಡೆಗೆ ಕೈ ತೋರುತ್ತವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಅರ್ಥ ಬರೆಸುವ ನಾವು, ವರ್ಷದಲ್ಲಿ ಒಮ್ಮೆಯಾದರೂ ಮಕ್ಕಳ ಕೈಯನ್ನು ಕೆಸರು ಮಾಡಿಸಬೇಡವೇ?

ಬಿಹಾರದ ರಾಜ್ಯಪಾಲರಾಗಿ, ಉಪರಾಷ್ಟ್ರಪತಿಯಾಗಿ, 1967ರಲ್ಲಿ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನರು 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಸಮಾಧಿ ಇರುವುದು ಜಾಮಿಯಾದ ಆವರಣದಲ್ಲಿ, ತಾವು ಇಪ್ಪತ್ತೆರಡು ವರ್ಷ ದುಡಿದ ಸಂಸ್ಥೆಯ ಮಕ್ಕಳು ಓಡಾಡುವ ಹಾದಿಯ ಪಕ್ಕದಲ್ಲಿ. ದೇಶದ ಅತ್ಯುನ್ನತ ಪದವಿಗೇರಿದ ಮೇಲೂ ಶಿಕ್ಷಕರಾಗಿಯೇ ಉಳಿದವರನ್ನು ನಮ್ಮ ಸಂಘದ ಪ್ರತಿಯೊಬ್ಬ ಶಿಕ್ಷಕರೂ ವಿದ್ಯಾರ್ಥಿಯೂ ನೆನೆಯಲಿ, ಅವರು ಮಾಡಿದ್ದರಲ್ಲಿ ಒಂದನ್ನಾದರೂ ಈ ವರ್ಷ ತಮ್ಮ ಶಾಲೆಯಲ್ಲಿ ಮಾಡಿ ನೋಡಲಿ.