ಕಪ್ಪು ಎಂಜಿನ್ನಿನ ಕಥೆ

ಬೈಕಿನ ಟ್ಯಾಂಕಿನ ಬಣ್ಣದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಎಂಜಿನ್ನಿನ ಬಣ್ಣವನ್ನು ಕೇಳುವವರಿಲ್ಲ. ಆದರೆ ಪಾಪ, ಹೆಚ್ಚು ಕಷ್ಟಪಡೋದು ಅದೇ! ಮುಂದಿನ ಚಕ್ರ ಎಸೆಯುವ ಕಲ್ಲು, ಕೆಸರು, ಮಳೆನೀರು, ಎಣ್ಣೆಜಿಡ್ಡು... ಸಾಲದ್ದಕ್ಕೆ ದಿನಾ ಕಾಯೋದು, ಆರೋದು. ಈ ಬಣ್ಣ ಏಳದ ಹಾಗೆ ನೋಡಿಕೊಳ್ಳಲು ಜನ ಏನೆಲ್ಲಾ ಮಾಡಿದರು ಅನ್ನುವುದೇ ಒಂದು ಸ್ವಾರಸ್ಯಕರ ಇತಿಹಾಸ.

ಮೊದಲ ತಲೆಮಾರಿನ ಬೈಕುಗಳಲ್ಲಿ ಸಿಲಿಂಡರ್ ಎರಕದ ಕಬ್ಬಿಣದ್ದು. ಎರಕದ ಮೈ ತರಿತರಿ, ಆದ್ದರಿಂದ ಬಣ್ಣಕ್ಕೆ ಹಿಡಿತ ಸಿಗುತ್ತಿತ್ತು. ಆಗಿನ ಜನಪ್ರಿಯ ಬಣ್ಣ 'ಜಪಾನ್ ಬ್ಲ್ಯಾಕ್'. ಡಾಂಬರಿನ ಜಾತಿಯ ವಸ್ತುವಿನಿಂದ ಮಾಡಿ, ಹಚ್ಚಿದ ಮೇಲೆ ಒಲೆಯಲ್ಲಿ ಬೇಯಿಸುತ್ತಿದ್ದರು. ಹೆಸರು ಮಾತ್ರ ಜಪಾನಿನದು, ಮಾಡಿದ್ದು ಅಲ್ಲಿನ ಅರಗಿನ ಕೆಲಸವನ್ನು ಅನುಕರಿಸಲು ಹೊರಟ ಯುರೋಪಿಯನ್ನರು. ಚಕ್ಕೆ ಎದ್ದರೆ ಕೆಂಪು ತುಕ್ಕು ಕಾಣುತ್ತಿತ್ತು, ಉಜ್ಜಿ ಮತ್ತೆ ಹಚ್ಚಿದರಾಯಿತು.

ತಲೆನೋವು ಶುರುವಾಗಿದ್ದು ಅಲ್ಯೂಮಿನಿಯಂನಿಂದ. ಹಗುರ, ಶಾಖವನ್ನು ಬೇಗ ಸಾಗಿಸುತ್ತದೆ, ಎಲ್ಲಾ ಸರಿ. ಆದರೆ ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಲೋಹವನ್ನು ಕಾಪಾಡುವುದೂ ಅದೇ, ಬಣ್ಣ ಅಂಟದ ಹಾಗೆ ಮಾಡುವುದೂ ಅದೇ! ಹಾಗಾಗಿ ಎಷ್ಟೋ ತಯಾರಕರು ಬಣ್ಣದ ಗೋಜಿಗೇ ಹೋಗದೆ ಪಾಲಿಶ್ ಮಾಡಿ ಬಿಟ್ಟರು. ಆದರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಆ ಪೊರೆಯೂ ಸೋಲುತ್ತದೆ. ಲೋಹದ ಮೇಲೆ ಬಿಳಿ ಪುಡಿ ಏಳುತ್ತದೆ, ಕೆಳಗೆ ಗುಳಿ ಬೀಳುತ್ತದೆ.

ಇಲ್ಲಿ ಇಂಗ್ಲೆಂಡಿನ ಸ್ಟೀವನೇಜ್‌ನ ವಿನ್ಸೆಂಟ್ ಕಂಪನಿ ಕಥೆಗೆ ಬರುತ್ತದೆ. 1948ರಲ್ಲಿ ಬಂದ 998 ಸಿಸಿಯ 'ಬ್ಲ್ಯಾಕ್ ಶ್ಯಾಡೋ' ಗಂಟೆಗೆ ಸುಮಾರು 200 ಕಿ.ಮೀ. ಓಡುತ್ತಿತ್ತು. ಅದರ ಅಣ್ಣ 'ರ್ಯಾಪಿಡ್'ನ ಎಂಜಿನ್ ಬೆಳ್ಳಗೆ, ಇದರದ್ದು ಕಡುಕಪ್ಪು. ಆ ಕಪ್ಪಿನ ಕೆಳಗೆ ಒಂದು ಗುಟ್ಟಿತ್ತು. ಬಣ್ಣ ಹಚ್ಚುವ ಮೊದಲು ಪೈಲುಮಿನ್ ಅನ್ನುವ ವಿಧಾನದಲ್ಲಿ ಲೋಹದ ಮೈಯನ್ನೇ ರಾಸಾಯನಿಕವಾಗಿ ಬದಲಿಸಿ, ಆಮೇಲೆ ಎನಾಮೆಲ್ ಹಚ್ಚಿ ಬೇಯಿಸುತ್ತಿದ್ದರು. ಅಂದರೆ ಬಣ್ಣಕ್ಕೆ ಮೊದಲು ನೆಲ ಹದ ಮಾಡಿದ್ದರು. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ ಬಿಡಿ.

ಆ ಪಾಠ ಎಲ್ಲರಿಗೂ ನೆನಪಿರಲಿಲ್ಲ. 1970ರ ದಶಕದ ಜಪಾನಿ ಬೈಕುಗಳಲ್ಲಿ ಪಾಲಿಶ್ ಮಾಡಿದ ಕೇಸಿಗೆ ಪಾರದರ್ಶಕ ಲ್ಯಾಕರ್ ಹೊಡೆದಿರುತ್ತಿದ್ದರು. ಒಂದು ಸಣ್ಣ ಗೀರು ಬಿದ್ದರೆ ಸಾಕು, ಉಪ್ಪುನೀರು ಒಳಹೊಕ್ಕು ಲ್ಯಾಕರಿನ ಅಡಿಯಲ್ಲೇ ಹುಳು ಹರಿದ ಹಾಗೆ ಬಿಳಿ ಗೆರೆಗಳನ್ನು ಎಳೆಯುತ್ತಿತ್ತು. ಹೊರಗಿಂದ ಒರೆಸಿ ಏನು ಪ್ರಯೋಜನ?

ನೆಲ ಹದ ಮಾಡಲು ಬಹುಕಾಲ ಬಳಸಿದ್ದು ಕ್ರೋಮೇಟ್. ಕೆಲಸ ಬಲು ಚೆನ್ನ, ಆದರೆ ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. 2000ದ 'ಎರಿನ್ ಬ್ರೊಕೊವಿಚ್' ಸಿನಿಮಾದಲ್ಲಿ ಊರಿನ ನೀರಿಗೆ ಸೇರಿದ್ದು ಇದೇ ವಿಷ. ಹೊಳೆಯುವ ಎಂಜಿನ್ನಿನ ಬೆಲೆಯನ್ನು ತೊಟ್ಟಿಯ ಬಳಿ ನಿಂತ ಕೆಲಸಗಾರ ತೆರುತ್ತಿದ್ದ ಅನ್ನುವುದನ್ನು ಮರೆಯಬಾರದು. ಈಗ ಅದರ ಜಾಗಕ್ಕೆ ಜಿರ್ಕೋನಿಯಂ ಮುಂತಾದ ಬದಲಿಗಳು ಬಂದಿವೆ.

ಇದೆಲ್ಲ ನಮಗೇಕೆ ಅಂತೀರಾ? 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಎಂಜಿನ್ ಕೇಸುಗಳು ಈಗ ಉಳಿದಷ್ಟೇ. ನಮ್ಮಪ್ಪನ ಯೆಜ್ಡಿಯನ್ನು ತೋರಿಸಿದಾಗ ಗ್ಯಾರೇಜಿನವರು "ಸಿಲ್ವರ್ ಸ್ಪ್ರೇ ಹೊಡೆದುಬಿಡೋಣ ಸಾರ್, ಹೊಸದರ ಹಾಗೆ ಕಾಣುತ್ತೆ" ಅಂದರು. ಬೇಡ ಅಂದೆ. ಬಿಳಿ ಪುಡಿಯ ಮೇಲೆ ಬಳಿದ ಬಣ್ಣ ಕೊಳೆತ ಗೋಡೆಗೆ ಹೊಡೆದ ಸುಣ್ಣ ಇದ್ದ ಹಾಗೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ, ಮೊದಲು ಜಿಡ್ಡು ಪೂರ್ತಿ ತೆಗೆಸಿ, ಪುಡಿಯನ್ನು ಲೋಹ ಕಾಣುವವರೆಗೆ ಉಜ್ಜಿಸಿ, ಎಚ್ ಪ್ರೈಮರ್ ಹಚ್ಚಿಸಿ. ಶಾಖ ತಡೆಯುವ ಬಣ್ಣ ಆಮೇಲೆ, ಅದನ್ನು ಡಬ್ಬದ ಮೇಲೆ ಬರೆದ ಹಾಗೆ ಕಾಯಿಸಿಯೇ ಗಟ್ಟಿ ಮಾಡಬೇಕು. ಮರಳು ಊದಿಸುವುದಾದರೆ ಎಂಜಿನ್ ಪೂರ್ತಿ ಬಿಚ್ಚಿಸಿ, ಇಲ್ಲವಾದರೆ ಕಣಗಳು ಒಳಗೆ ಸೇರಿ ಬೇರಿಂಗ್ ತಿನ್ನುತ್ತವೆ. ಕೇಸಿನ ಮೇಲೆ ಒತ್ತಿರುವ ಎಂಜಿನ್ ನಂಬರನ್ನು ಮಾತ್ರ ಮುಚ್ಚಿ ಕಾಪಾಡಿ. ಅದು ಅಳಿಸಿಹೋದರೆ ಆರ್‌ಸಿ ಪುಸ್ತಕಕ್ಕೂ ಗಾಡಿಗೂ ಸಂಬಂಧವೇ ಇರುವುದಿಲ್ಲ!