ಸಾಮೀಪ್ಯ ಮತ್ತು ಸ್ವಾಯತ್ತತೆ: ಚಿತ್ರದುರ್ಗ ಸೀಮೆಯ ಪದವಿ ಕಾಲೇಜುಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳ ಉನ್ನತ ಶಿಕ್ಷಣದ ಇತಿಹಾಸವನ್ನು ಅವಲೋಕಿಸಿದಾಗ, ವಿಶ್ವವಿದ್ಯಾನಿಲಯವು ಕಾಲೇಜಿಗೆ ಹಂತಹಂತವಾಗಿ ಸಮೀಪಿಸುತ್ತ ಬಂದಿರುವುದು ಕಂಡುಬರುತ್ತದೆ. ಆದರೆ ಸಾಮೀಪ್ಯವೇ ಸ್ವಾಯತ್ತತೆಯಲ್ಲ. ಈ ವ್ಯತ್ಯಾಸವನ್ನು ಗುರುತಿಸದೆ ಸರ್ಕಾರದ ನೀತಿಯ ಫಲಾಫಲಗಳನ್ನು ಅಳೆಯಲಾಗದು.

ಬೋಧನೆ ಕಾಲೇಜಿನದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾನಿಲಯದವು ಎಂಬ ಸಂಯೋಜನಾ ಪದ್ಧತಿಯು 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳೊಂದಿಗೆ ಭಾರತದಲ್ಲಿ ನೆಲೆಗೊಂಡಿತು. ಚಿತ್ರದುರ್ಗ ಸೀಮೆಯ ಕಾಲೇಜುಗಳು ಮೊದಲು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಬಳಿಕ ಶಂಕರಘಟ್ಟವು ಅವುಗಳ ಕೇಂದ್ರವಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವು ಆ ಸ್ಥಾನಕ್ಕೆ ಬಂದಿತು. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಬೇರ್ಪಟ್ಟ ದಾವಣಗೆರೆಯೇ ಹನ್ನೆರಡು ವರ್ಷಗಳ ತರುವಾಯ ಮಾತೃಜಿಲ್ಲೆಯ ಕಾಲೇಜುಗಳಿಗೆ ವಿಶ್ವವಿದ್ಯಾನಿಲಯ ಕೇಂದ್ರವಾದುದು ಗಮನಾರ್ಹ. ವಿದ್ಯಾರ್ಥಿಯ ಪ್ರಯಾಣದ ದೂರ ಇದರಿಂದ ತಗ್ಗಿತು. ಪಠ್ಯಕ್ರಮ ರೂಪಿಸುವ ಅಧಿಕಾರ ಮಾತ್ರ ಸಂಯೋಜಿತ ಕಾಲೇಜಿಗೆ ಬರಲಿಲ್ಲ.

ಆ ಅಧಿಕಾರದ ಪ್ರಶ್ನೆಯನ್ನು ಕೊಠಾರಿ ಆಯೋಗವು (1964–66) ಎತ್ತಿತ್ತು. ಸಮರ್ಥ ಕಾಲೇಜುಗಳಿಗೆ ಸ್ವಾಯತ್ತತೆ ನೀಡಬೇಕೆಂಬ ಅದರ ಶಿಫಾರಸಿಗೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಒತ್ತುಕೊಟ್ಟಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯೋಜನೆಯಂತೆ ಸ್ವಾಯತ್ತ ಕಾಲೇಜು ಪಠ್ಯಕ್ರಮವನ್ನು ತಾನೇ ರೂಪಿಸಿ, ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಪದವಿಯನ್ನು ಮಾತ್ರ ವಿಶ್ವವಿದ್ಯಾನಿಲಯ ನೀಡುತ್ತದೆ. 2020ರ ನೀತಿಯು ಇನ್ನೂ ಮುಂದೆ ಹೋಗಿ, ಸಂಯೋಜನಾ ಪದ್ಧತಿಯನ್ನೇ ಹದಿನೈದು ವರ್ಷಗಳಲ್ಲಿ ಹಂತಹಂತವಾಗಿ ಕೊನೆಗೊಳಿಸುವ ಗುರಿಯಿಟ್ಟಿತು. ಆ ನೀತಿಯನ್ವಯ 2021ರಲ್ಲಿ ಜಾರಿಗೊಂಡ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಕೈಬಿಟ್ಟು, ಮೂರು ವರ್ಷಗಳ ಪದವಿಗೆ ಮರಳಿತು. ಎರಡು ಸಂದರ್ಭಗಳಲ್ಲಿಯೂ ಪಠ್ಯದ ಚೌಕಟ್ಟನ್ನು ನಿರ್ಧರಿಸಿದ್ದು ಕಾಲೇಜಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಸಮಸ್ಯೆ ಇನ್ನಷ್ಟು ಜಟಿಲ. ಅಧ್ಯಾಪಕರ ನೇಮಕ, ವರ್ಗಾವಣೆ, ಹುದ್ದೆಗಳ ಮಂಜೂರಾತಿ ಸರ್ಕಾರದ ಕೈಯಲ್ಲಿವೆ. ವಿಷಯವಾರು ಅಧ್ಯಯನ ಮಂಡಳಿ, ವಿದ್ವತ್ ಮಂಡಳಿ, ಪರೀಕ್ಷಾ ವಿಭಾಗಗಳನ್ನು ನಡೆಸಲು ಸ್ಥಿರವಾದ ಅಧ್ಯಾಪಕ ವೃಂದ ಅಗತ್ಯ. ಖಾಯಂ ಹುದ್ದೆಗಳು ತೆರವಾಗಿ ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕಾಲೇಜಿಗೆ ಶೈಕ್ಷಣಿಕ ಸ್ವಾಯತ್ತತೆ ದೊರೆತರೂ ಅದು ಅಧಿಕಾರವಾಗದೆ ಹೊರೆಯಾಗುವ ಸಂಭವವೇ ಹೆಚ್ಚು. ಹಾಗೆಂದು ಅಂತಹ ಕಾಲೇಜನ್ನು ಬದಿಗಿಟ್ಟು ಸಂಯೋಜನೆಯನ್ನು ಕೊನೆಗೊಳಿಸಿದರೆ, ಮೊದಲು ನಷ್ಟಕ್ಕೊಳಗಾಗುವವರು ಊರು ಬಿಟ್ಟು ಓದಲಾಗದ ಗ್ರಾಮೀಣ ವಿದ್ಯಾರ್ಥಿಗಳು, ಅದರಲ್ಲಿಯೂ ವಿದ್ಯಾರ್ಥಿನಿಯರು.

ಆದುದರಿಂದ ಸ್ವಾಯತ್ತತೆಯನ್ನು ಕೇವಲ ಮಾನ್ಯತೆಯ ಪ್ರಶ್ನೆಯಾಗಿ ಕಾಣುವುದು ಅಪೂರ್ಣವೆನಿಸುತ್ತದೆ. ಮೈಸೂರಿನಿಂದ ದಾವಣಗೆರೆಯವರೆಗಿನ ಸ್ಥಿತ್ಯಂತರವು ಆಡಳಿತ ಕೇಂದ್ರವನ್ನು ಬದಲಿಸಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಖಾಯಂ ಅಧ್ಯಾಪಕರು ನೆಲೆನಿಂತಾಗ ಮಾತ್ರ ಮುಂದಿನ ಬದಲಾವಣೆಯು ಸ್ವಾಯತ್ತತೆ ಎಂಬ ಹೆಸರಿಗೆ ಅರ್ಹವಾದೀತು.